ಮನೆಯಲ್ಲಿರುವ ಪುಸ್ತಕಗಳು: ಸೊನ್ನೆ

ಫೆಬ್ರವರಿ 3, ಸೋಮವಾರ

ಸೋಪಿನ ಪುಡಿಯ ಏಜೆಂಟು ಕೊಟ್ಟುಹೋದ ಡೈರಿ ಇದು. ಎರಡು ವರ್ಷದಿಂದ ಇಸ್ತ್ರಿ ಮೇಜಿನ ಕುಂಟು ಕಾಲಿನ ಅಡಿಯಲ್ಲಿತ್ತು. ಇವತ್ತು ಎಳೆದು ತೆಗೆದೆ. ಮೇಜು ಅಲ್ಲಾಡಿದರೆ ಅಲ್ಲಾಡಲಿ. ಇದರಲ್ಲಿ ಕಾರಿಕೊಳ್ಳದೆ ಹೋದರೆ ಗಿರಾಕಿಗಳ ಮೇಲೆ ಹರಿಹಾಯುತ್ತೇನೆ, ಅದು ನಮ್ಮ ಲಾಂಡ್ರಿಗೆ ಒಳ್ಳೆಯದಲ್ಲ. ಅಚ್ಚಾದ ವಾರಗಳು ಹಳೆಯವು. ಹೊಡೆದುಹಾಕಿ ಸರಿಯಾದದ್ದನ್ನು ಬರೆದುಕೊಂಡಿದ್ದೇನೆ.

ನರ್ಸರಿಯಿಂದ ಕರೆ ಬಂದಿತ್ತು, ಹೋಗಿಬಂದೆ. ಗುಂಡಿಗೆ ಮೇ ತಿಂಗಳಿಗೆ ಐದು ತುಂಬುತ್ತದೆ. ತೆವಳುವ ವಯಸ್ಸಿನಲ್ಲಿ ನೆಲಕ್ಕೆ ಬಿದ್ದ ಅಂಗಿ ಗುಂಡಿಗಳನ್ನೆಲ್ಲ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಅವತ್ತಿನಿಂದ ನನ್ನ ಮಗಳಿಗೆ ಅದೇ ಹೆಸರು. ಅವಳ ಓರಗೆಯವರೆಲ್ಲ ರಜೆ ಮುಗಿದ ಮೇಲೆ ದೊಡ್ಡ ಕ್ಲಾಸಿಗೆ ಹೋಗುತ್ತಾರೆ. ಇವಳನ್ನು ಮಾತ್ರ ಮೂರು ವರ್ಷದ ಕೂಸುಗಳ ಜೊತೆ ಇನ್ನೊಂದು ವರ್ಷ ಕೂರಿಸುತ್ತಾರಂತೆ.

"ಪುಸ್ತಕ ಕೊಟ್ರೆ ತಲೆಕೆಳಗೆ ಹಿಡೀತಾಳೆ. ಕಥೆ ಹೇಳುವಾಗ ಎದ್ದು ಹೋಗಿ ಬೇರೆ ಮಕ್ಕಳ ಕಾಲರ್ ತಿರುಗಿಸಿ ನೋಡ್ತಾಳೆ," ಅಂದರು ಟೀಚರು. "ತಪ್ಪು ತಿಳ್ಕೋಬೇಡಿ. ಮನೇಲಿ ಓದೋ ವಾತಾವರಣ ಇಲ್ದಿದ್ರೆ ಹೀಗೇ ಆಗೋದು."

ತಪ್ಪು ತಿಳಿಯದೆ ಇನ್ನೇನು ತಿಳಿಯಲಿ! ಮೈಯೆಲ್ಲ ಉರಿದುಹೋಯಿತು. ಆ ಟೀಚರ ಹಣೆಯ ಮೇಲೆ ಮೂರು ಸುಕ್ಕು. ನಮ್ಮ ಹಬೆ ಇಸ್ತ್ರಿ ಇಟ್ಟು ಒತ್ತಿದರೂ ಹೋಗುವಂಥವಲ್ಲ.

ಒಂದು ಫಾರಂ ಕೊಟ್ಟಿದ್ದಾರೆ. ಮನೆಯಲ್ಲಿ ಮಕ್ಕಳ ಪುಸ್ತಕಗಳು ಎಷ್ಟಿವೆ? ಮಗುವಿಗೆ ಯಾರು ಓದಿ ಹೇಳುತ್ತಾರೆ? ಮಗುವಿನ ಎದುರು ದೊಡ್ಡವರು ಓದುವುದು, ಬರೆಯುವುದು ಇದೆಯೇ? ಮಾರ್ಚ್ ಆರಕ್ಕೆ ಖುದ್ದಾಗಿ ಮನೆಗೆ ಬಂದು, ಗುಂಡಿಯನ್ನೂ ಪರೀಕ್ಷೆ ಮಾಡಿ, ತೀರ್ಮಾನ ಹೇಳುತ್ತಾರಂತೆ. ಗೂಟದಂಥ ಅಕ್ಷರದಲ್ಲಿ ಬರೆದೆ: ಸೊನ್ನೆ. ಯಾರೂ ಇಲ್ಲ. ಇಲ್ಲ. ಪೆನ್ನಿನ ಮೊನೆ ಕಾಗದದ ಆ ಕಡೆಗೆ ಬಂತು.

ಫೆಬ್ರವರಿ 4, ಮಂಗಳವಾರ

ನಮ್ಮವರು ಫಾರಂ ಓದಿ ತಲೆಯ ಮೇಲೆ ಕೈ ಹೊತ್ತರು.

"ಸೊನ್ನೆ ಅಂತ ಯಾರಾದ್ರೂ ಬರೀತಾರೇನೇ?"

"ಇರೋದನ್ನ ಬರೆದಿದೀನಿ."

"ಅಕ್ಕನ ಮನೇಲಿ ಗಾಜಿನ ಕಪಾಟಿದೆಯಲ್ಲ, ತುಂಬಾ ಪುಸ್ತಕ. ಆವತ್ತೊಂದು ದಿನ ತಂದಿಟ್ಕೊಂಡ್ರೆ?"

ಅವರ ಅಕ್ಕನ ಕಪಾಟು ನನಗೆ ಗೊತ್ತಿಲ್ಲವೇ! ಬೀಗದ ಕೈ ಕಳೆದು ಆರು ವರ್ಷವಾಯಿತು. ಒಳಗಿನ ಪುಸ್ತಕಗಳ ಬೆನ್ನು ಬಿಟ್ಟರೆ ಹೊಟ್ಟೆ ಕಂಡವರಿಲ್ಲ. "ಇನ್ನೊಬ್ರ ಬಟ್ಟೆ ಒಗೆಯೋದು ನಮ್ಮ ಕಸುಬು ರೀ, ತೊಟ್ಕೊಂಡು ಮೆರೆಯೋದಲ್ಲ," ಅಂದೆ.

ಅತ್ತೆ ಮೂಲೆಯಲ್ಲಿ ಕೂತು ಗುರುತು ಹೊಲಿಯುತ್ತಿದ್ದರು. ನಮ್ಮಲ್ಲಿಗೆ ಬಟ್ಟೆ ಕೊಡುವ ಪ್ರತಿ ಮನೆಗೂ ಒಂದು ಗುರುತು, ಕಾಲರಿನ ಒಳಗೆ ಕೆಂಪು ದಾರದಲ್ಲಿ. ನರ್ಸಮ್ಮನ ಮನೆಗೆ ಎರಡು ಗೆರೆ ಒಂದು ಚುಕ್ಕಿ. ಡ್ರಮ್ ಮೇಷ್ಟರ ಮನೆಗೆ ಒಂದು ಸುತ್ತು, ಅದಕ್ಕೊಂದು ಬಾಲ. ವಕೀಲರಿಗೆ ಮೂಲೆ ಮುರಿದ ಚೌಕ. ಅತ್ತೆಗೆ ಒಂದಕ್ಷರ ಬರುವುದಿಲ್ಲ. ಆದರೆ ಇನ್ನೂರೈವತ್ತು ಮನೆಯ ಗುರುತನ್ನು ಕಣ್ಣುಮುಚ್ಚಿ ಬೆರಳಲ್ಲಿ ಸವರಿ ಹೇಳುತ್ತಾರೆ. ನಲವತ್ತು ವರ್ಷದಲ್ಲಿ ಒಬ್ಬರ ಅಂಗಿ ಇನ್ನೊಬ್ಬರ ಮೈಗೆ ಹೋದದ್ದಿಲ್ಲ. ಗುಂಡಿ ಹುಟ್ಟಿದಾಗಿನಿಂದ ಅವರ ತೊಡೆಯ ಮೇಲೆ ಕೂತು ಇದನ್ನೇ ನೋಡಿದ್ದಾಳೆ. ಇದಕ್ಕೆ ಆ ಫಾರಂನಲ್ಲಿ ಜಾಗವೇ ಇಲ್ಲ.

ಫೆಬ್ರವರಿ 8, ಶನಿವಾರ

ಫಾರಂ ಕೊಟ್ಟುಬಂದೆ. ಟೀಚರು ಮೂರೂ ಉತ್ತರ ನೋಡಿದರು, ಮಡಚಿದರು.

"ಪುಸ್ತಕದ ಮಾತು ಬಿಡಿ. ಅವಳ ಜೊತೆ ಮಾತಾಡ್ತೀರಾ?"

"ನನ್ನ ಬಾಯಿಗೇನು ಬೀಗ ಹಾಕಿದ್ಯಾ?"

"ಹಾಗಲ್ಲ. ಗೊಂಬೆ ಜೊತೆ ಆಡುವಾಗ್ಲೂ ಅವಳು 'ಜರುಗು', 'ಮುಟ್ಬೇಡ', 'ಬೇಗ' ಅಂತಾನೇ ಹೇಳ್ತಿರ್ತಾಳೆ. ಅದ್ಕೆ ಕೇಳ್ದೆ."

ನಾಳೆ ಎಣಿಸುತ್ತೇನೆ. ಎಣಿಸಿ ಅವರ ಮುಖಕ್ಕೆ ಹಿಡಿಯುತ್ತೇನೆ.

ಫೆಬ್ರವರಿ 9, ಭಾನುವಾರ

ಗುಂಡಿಗೆ ಹೇಳಿದ ಪ್ರತಿ ಮಾತಿಗೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ಜರುಗು, ಬಿಸಿ, ಮುಟ್ಟಬೇಡ, ಕೊಡು, ಬೇಗ, ಸುಮ್ಮನಿರು: ಅರವತ್ತೊಂದು. ಬೇರೆ ಮಾತು: ನಾಲ್ಕು. ಅದರಲ್ಲಿ ಒಂದು ಇಸ್ತ್ರಿಗೆ ಬೈದದ್ದು.

ಒಗೆಯುವ ಯಂತ್ರದ ಗದ್ದಲದಲ್ಲಿ ಯಾರು ತಾನೇ ಹರಟೆ ಹೊಡೆಯುತ್ತಾರೆ? ಗೀಟು ಒರೆಸಿಬಿಟ್ಟೆ.

ಫೆಬ್ರವರಿ 13, ಗುರುವಾರ

ಗುಂಡಿಯನ್ನು ಬಟ್ಟೆ ರಾಶಿಯ ಪಕ್ಕ ಕೂರಿಸಿಕೊಂಡೆ. ಟೀಚರು ಹೇಳಿದರು ಅಂತಲ್ಲ. ಕೆಲಸ ಬೇಗ ಸಾಗಲಿ ಅಂತ.

"ಇದು ಯಾರದು?"

ಕಾಲರ್ ತಿರುಗಿಸಿದಳು. "ವಕೀಲ್ರದು."

"ತೋಳಿನ ಮೇಲೆ ಇದೇನು?"

"ಶಾಯಿ."

"ಹೇಗೆ ಚೆಲ್ಲಿಕೊಂಡ್ರೋ?"

ಯೋಚನೆ ಮಾಡಿದಳು. ಯೋಚನೆ ಮಾಡುವಾಗ ಅವಳ ಮೂಗು ಸೊಟ್ಟಗಾಗುತ್ತದೆ, ನಾನು ಇಷ್ಟು ದಿನ ನೋಡಿಯೇ ಇರಲಿಲ್ಲ. "ಪೆನ್ನಿಗೆ ಸೀನು ಬಂತು," ಅಂದಳು.

ನಾನು ನಕ್ಕ ರಭಸಕ್ಕೆ ಅತ್ತೆ ಒಳಗಿಂದ ಓಡಿಬಂದರು. ಆಮೇಲೆ ನಿಲ್ಲಲೇ ಇಲ್ಲ. ಪೆನ್ನಿಗೆ ನೆಗಡಿ ಯಾಕಾಯಿತು? ಕೋರ್ಟಿನಲ್ಲಿ ಫ್ಯಾನು ಜೋರು. ಡ್ರಮ್ ಮೇಷ್ಟರ ಪ್ಯಾಂಟಿನ ಮಂಡಿ ಯಾಕೆ ಸವೆದಿದೆ? ಡ್ರಮ್ಮಿನೊಳಗೆ ತೂರಿ ಸದ್ದು ಎಲ್ಲಿ ಅಡಗಿದೆ ಅಂತ ಹುಡುಕುತ್ತಾರೆ. ನರ್ಸಮ್ಮನ ಜೇಬಿನಲ್ಲಿ ಬಿಸ್ಕತ್ತಿನ ಚೂರು ಯಾಕಿದೆ? ಅಳುವ ರೋಗಿಗೆ ಅಂತ ಇಟ್ಟುಕೊಂಡಿದ್ದರು, ಆದರೆ ರೋಗಿ ಅಳಲೇ ಇಲ್ಲ. ಮೂರು ರಾಶಿ ಮುಗಿದದ್ದೇ ತಿಳಿಯಲಿಲ್ಲ. ಎರಡು ಅಂಗಿಗೆ ನೀಲಿ ಹಾಕುವುದು ಮರೆತೆ.

ಫೆಬ್ರವರಿ 18, ಮಂಗಳವಾರ

ನರ್ಸರಿಯಿಂದ ಫೋನು. ತಕ್ಷಣ ಬನ್ನಿ ಅಂದರು. ಅರ್ಧ ಬಾಗಿಲು ಎಳೆದು ಓಡಿದೆ, ಬಿದ್ದು ಗಿದ್ದು ಏನಾದರೂ ಮಾಡಿಕೊಂಡಳೋ ಅಂತ.

ಚಿತ್ರ ಬರೆಯುವಾಗ ಮಕ್ಕಳು ತೊಡುವ ಬಿಳಿ ಏಪ್ರನ್‌ಗಳನ್ನು ಗೋಡೆಯ ಗೂಟಗಳಿಂದ ತೆಗೆದು ಅದೇ ಸಾಲಿನಲ್ಲಿ ಮೇಜಿನ ಮೇಲೆ ಹರಡಿದ್ದರು. ಒಟ್ಟು ಹದಿನಾರು. ಪ್ರತಿಯೊಂದರ ಕುತ್ತಿಗೆಯ ಒಳಬದಿಗೂ ಕಪ್ಪು ಮಾರ್ಕರಿನ ಗೆರೆ. ಗುಂಡಿ ಮೂಲೆಯಲ್ಲಿ ನಿಂತಿದ್ದಳು, ಬೆರಳೆಲ್ಲ ಕಪ್ಪು. ಅಳುತ್ತಿರಲಿಲ್ಲ. ನನ್ನ ಮಗಳಲ್ಲವೇ.

"ನೋಡಿ, ಹೊಸ ಏಪ್ರನ್ನು. ಎಲ್ಲಾ ಗೀಚಿ ಹಾಳು ಮಾಡಿದಾಳೆ," ಅಂದರು ಟೀಚರು.

ಕ್ಷಮೆ ಕೇಳಬೇಕೆಂದೇ ಬಾಯಿ ತೆರೆದೆ, ದೇವರಾಣೆ. ಮೊದಲನೆಯದನ್ನು ಎತ್ತಿ ನೋಡಿದೆ. ಎರಡು ಗೆರೆ, ಒಂದು ಚುಕ್ಕಿ.

"ಇದು ನರ್ಸಮ್ಮನ ಮೊಮ್ಮಗನದಾ?"

ಟೀಚರು ಯಾವ ಗೂಟಕ್ಕೆ ಯಾರ ಏಪ್ರನ್ ಅನ್ನುವ ಪಟ್ಟಿ ನೋಡಿದರು. "ಹೌದು."

ಒಂದು ಸುತ್ತು, ಒಂದು ಬಾಲ. "ಇದು ಡ್ರಮ್ ಮೇಷ್ಟ್ರ ಮಗಳದು."

"ಹೌದು. ನಿಮಗೆ ಹೇಗೆ ಗೊತ್ತಾಯ್ತು?"

"ಬರೆದಿದೆಯಲ್ಲಾ!" ಅಂದೆ.

ಹನ್ನೊಂದು ಏಪ್ರನ್ ಹೀಗೆ ಓದಿ ಒಪ್ಪಿಸಿದೆ, ಒಂದೂ ತಪ್ಪಲಿಲ್ಲ. ಮಿಕ್ಕ ಐದು ನಮಗೆ ಬಟ್ಟೆ ಕೊಡದ ಮನೆಗಳವು, ಅವುಗಳ ಗುರುತು ನನಗೂ ಹೊಸದು. ಗುಂಡಿಯನ್ನೇ ಕೇಳಿದೆ. "ಇವನು ಯಾವಾಗ್ಲೂ ಕಿಟಕಿ ಹತ್ರ ನಿಲ್ತಾನೆ, ಅದ್ಕೆ ಕಿಟಕಿ. ಇವಳಿಗೆ ಎರಡು ಜಡೆ, ಅದ್ಕೆ ಜಡೆ," ಅಂದಳು. ಯಾಕೆ ಹಾಕಿದೆ ಅಂದರೆ, "ದಿನಾ ಅದಲು ಬದಲಾಗುತ್ತಲ್ಲಮ್ಮ. ಚಿಕ್ಕದು ಬಂದವ್ರು ಅಳ್ತಾರೆ. ಗುರುತಿಲ್ದೆ ಪಾಪ ಟೀಚರ್‌ಗೂ ಗೊತ್ತಾಗಲ್ಲ."

ಟೀಚರು ಜಗ್ಗಲಿಲ್ಲ. "ಗುರುತು ಬೇರೆ, ಅಕ್ಷರ ಬೇರೆ. ಇದನ್ನ ಓದೋದು ಅನ್ನೋಕಾಗಲ್ಲ."

"ನಿಮಗೆ ಓದೋಕೆ ಬರಲ್ಲ ಅಂದ್ರೆ ಅದು ಓದೇ ಅಲ್ವಾ?" ಅಂದುಬಿಟ್ಟೆ.

ಹೇಳಬಾರದಿತ್ತೇನೋ. ಹೇಳಿ ಆಯಿತು. ತೊಳೆದು ಕೊಡುತ್ತೇನೆ ಅಂತ ಹದಿನಾರನ್ನೂ ಹೊತ್ತು ತಂದಿದ್ದೇನೆ.

ಫೆಬ್ರವರಿ 20, ಗುರುವಾರ

ಮಾರ್ಕರಿನ ಕಲೆ ತೆಗೆಯುವುದು ನನಗೆ ಇಪ್ಪತ್ತು ನಿಮಿಷದ ಕೆಲಸ. ತೆಗೆಯಲಿಲ್ಲ. ಗುಂಡಿ ಹಾಕಿದ ಗೆರೆಯ ಮೇಲೇ ಅತ್ತೆ ಕೆಂಪು ದಾರ ಓಡಿಸಿದರು, ಹದಿನಾರಕ್ಕೂ. "ಕಿಟಕಿ ಚೆನ್ನಾಗಿದೆ ಕಣೇ. ಇಷ್ಟು ವರ್ಷ ನಂಗೆ ಹೊಳೆದೇ ಇರ್ಲಿಲ್ಲ," ಅಂದರು ಅವಳಿಗೆ. ಇಸ್ತ್ರಿ ಮಾಡಿ ಕೊಟ್ಟುಬಂದೆ. ಟೀಚರು ಒಂದರ ಕುತ್ತಿಗೆ ತಿರುಗಿಸಿ ನೋಡಿದರು, ಆಮೇಲೆ ಒಂದೊಂದಾಗಿ ಗೂಟಕ್ಕೆ ಹಾಕಿದರು.

ಫೆಬ್ರವರಿ 23, ಭಾನುವಾರ

ನರ್ಸಮ್ಮ ಬಟ್ಟೆ ಒಯ್ಯಲು ಬಂದವರು ಬುದ್ಧಿ ಹೇಳಿದರು. "ನಾವು ನಲವತ್ತು ಪುಸ್ತಕ ಅಂತ ಬರೆದ್ವಿ. ನೀವೂ ಹೇಳಿ ಹಾಗೇ ತಿದ್ದಿಸಿಬಿಡಿ, ಯಾರು ಎಣಿಸ್ತಾರೆ?"

"ನಿಮ್ಮನೇಲಿ ನಿಜವಾಗ್ಲೂ ಇದೆಯಲ್ಲ."

"ಇದೆ. ಓದಿ ಹೇಳೋಕೆ ಯಾರಿಗೆ ಪುರುಸೊತ್ತು? ಮೊಮ್ಮಗ ಅದನ್ನ ಜೋಡಿಸಿ ಬಸ್ ಮಾಡಿ ಓಡಿಸ್ತಾನೆ."

ನಾನು ತಿದ್ದಿಸುವುದಿಲ್ಲ ಅಂದೆ. ನಾನು ಓದು ಕಲಿತದ್ದು ಯಾವ ಕಪಾಟಿನಿಂದ? ಅಪ್ಪನ ಇಸ್ತ್ರಿ ಮೇಜಿನ ಪಕ್ಕ ನಿಂತು, ಅಂಗಿ ಸುತ್ತುವ ಹಳೆ ಪತ್ರಿಕೆಯಿಂದ. ಅರ್ಧ ಸುದ್ದಿ ಅಂಗಿಯ ಜೊತೆ ಹೊರಟುಹೋಗುತ್ತಿತ್ತು. ಕಳ್ಳ ಸಿಕ್ಕಿದನೋ ಇಲ್ಲವೋ ಅನ್ನುವುದನ್ನು ಅಪ್ಪ ತಾವೇ ಕಟ್ಟಿ ಹೇಳುತ್ತಿದ್ದರು. ಹರಿದ ಜಾಗದಲ್ಲಿ ಬೆರಳಿಟ್ಟು, "ಇಲ್ಲಿವರೆಗೆ ಪತ್ರಿಕೆಯೋರು ಹೇಳಿದ್ದು, ಇಲ್ಲಿಂದ ನಾನು," ಅನ್ನುತ್ತಿದ್ದರು. ಎಷ್ಟು ವರ್ಷವಾಗಿತ್ತು ಇದು ನೆನಪಾಗಿ. ಈಗ ಎಲ್ಲ ಪ್ಲಾಸ್ಟಿಕ್ ಕವರು. ಗುಂಡಿಗೆ ಹೇಳಿದೆ. ಕಳ್ಳ ಸಿಕ್ಕಲೇಬಾರದು ಅಂತ ಅವಳ ಹಠ.

ಫೆಬ್ರವರಿ 27, ಗುರುವಾರ

ಮಧ್ಯಾಹ್ನ ಊಟವಾದ ಮೇಲೆ ಯಂತ್ರ ಆರಲು ಬಿಡುವ ಮುಕ್ಕಾಲು ಗಂಟೆ ನನ್ನದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ನಾನು ಕೌಂಟರಿನ ಹಿಂದೆ ಕೂತು ಬರೆಯುತ್ತೇನೆ. ಇವತ್ತು ಪರದೆಯಡಿ ಗುಂಡಿಯ ತಲೆ ತೂರಿತು.

"ಯಾರ ಗುರುತು ಹಾಕ್ತಿದೀಯಾ?"

"ಯಾರದೂ ಅಲ್ಲ. ಮಾತಿಂದು."

"ಯಾರ ಮಾತು?"

"ನಂದು. ನಿಂದೂ ಇದೆ."

ಅಷ್ಟೇ ಸಾಕಾಯಿತು. ತನ್ನ ಮಾತು ಎಲ್ಲಿದೆ ತೋರಿಸು ಅಂತ ತಲೆ ತಿಂದಳು. ಹದಿಮೂರನೇ ತಾರೀಕಿನದನ್ನು ಓದಿದೆ. ಪೆನ್ನಿಗೆ ಸೀನು ಬಂದ ಕಡೆ ಬೆರಳಿಟ್ಟು, "ಇಲ್ಲಿ ಇದೀನಾ ನಾನು?" ಅಂದಳು. ಇನ್ನೊಂದು ಸಲ ಓದು. ಮತ್ತೊಂದು ಸಲ. ಮೂರನೇ ಸಲಕ್ಕೆ ಬೇಸರವಾಗಿ ಎರಡು ಸಾಲು ಹಾರಿಸಿದೆ. ಹಿಡಿದೇಬಿಟ್ಟಳು! "ಡ್ರಮ್ ಮೇಷ್ಟ್ರು ಎಲ್ಲಿ ಹೋದ್ರು? ಆಗ್ಲೇ ಇಲ್ಲೇ ಇದ್ರಲ್ಲ."

ಆಮೇಲೆ ಮೊದಲಿಂದ ಓದಬೇಕಂತೆ. ಜನವರಿಯಿಂದ ತಾನೇ ಪುಟ ತಿರುವಿದಳು. "ಇದು ಖಾಲಿ, ಇದು ಖಾಲಿ, ಇದೂ ಖಾಲಿ. ಹಾಂ, ಇಲ್ಲಿಂದ ಮಾತು ಶುರು." ಮೂರನೇ ತಾರೀಕಿನದನ್ನೂ ಪೂರ್ತಿ ಓದಿದೆ. ಏನು ಮಾಡುವುದು, ಹಾರಿಸಿದರೆ ಸಿಕ್ಕಿಬೀಳುತ್ತೇನೆ. ಹಣೆಯ ಸುಕ್ಕಿನ ಸಾಲಿಗೆ ಬಿದ್ದು ಬಿದ್ದು ನಕ್ಕಳು. ಅದನ್ನೇ ಐದು ಸಲ ಓದಿಸಿದಳು. ನಾಳೆಯೂ ಓದಬೇಕು ಅಂತ ಮಾತು ತೆಗೆದುಕೊಂಡಿದ್ದಾಳೆ.

"ಅಕ್ಕನಿಗೆ ಬೀಗದ ಕೈ ಸಿಕ್ತಂತೆ ಕಣೇ," ಅಂದರು ನಮ್ಮವರು ಒಳಗಿಂದ.

"ಸಿಕ್ಕಿದ್ರೆ ಅವ್ರೇ ಓದ್ಲಿ," ಅಂದೆ.

ಫಾರಂನಲ್ಲಿ ಒಂದಕ್ಷರವನ್ನೂ ಬದಲಿಸುವುದಿಲ್ಲ. ಈ ಮನೆಯಲ್ಲಿ ಯಾರೂ ಯಾರಿಗೂ ಓದಿ ಹೇಳುವುದಿಲ್ಲ. ಸುಳ್ಳು ಯಾಕೆ ಬರೆಯಲಿ?

ಮಾರ್ಚ್ 3, ಸೋಮವಾರ

ಬಟ್ಟೆಗೆ ಕಟ್ಟುವ ಚೀಟಿಗಳ ಕಟ್ಟು ಎತ್ತಿಕೊಂಡು ಗುಂಡಿ ದಿನಾ ನನ್ನ ಪಕ್ಕದಲ್ಲೇ ಕೂತು ಏನೋ ಬರೆಯುತ್ತಾಳೆ. "ಇವತ್ತು ಎಷ್ಟು?" ಅಂತ ತಾರೀಕು ಬೇರೆ ಕೇಳುತ್ತಾಳೆ. ನಾನು ಪೆನ್ನು ಕಚ್ಚಿದರೆ ಅವಳೂ ಕಚ್ಚುತ್ತಾಳೆ. ಚೀಟಿ ದಂಡ ಮಾಡಬೇಡ ಅಂತ ಬೈದು ಹಳೆಯ ಕಟ್ಟು ಕೊಟ್ಟೆ.

ಗುರುವಾರ ಬರುತ್ತಾರೆ. ಬರಲಿ. ನಿಜ ಹೇಳಬೇಕೆಂದರೆ, ಎಲ್ಲರೂ ದೊಡ್ಡ ಕ್ಲಾಸಿನೊಳಗೆ ಹೋಗುವಾಗ ಇವಳೊಬ್ಬಳು ಬಾಗಿಲಲ್ಲಿ ನಿಂತು ನೋಡುವುದು ಕಣ್ಣ ಮುಂದೆ ಬರುತ್ತದೆ. ನನ್ನ ಜಂಭಕ್ಕೆ ಅವಳ ಒಂದು ವರ್ಷ ಹೋದರೆ? ಆದರೂ ಕಪಾಟು ಬೇಡ. ಸುಳ್ಳಿನ ಮುಂದೆ ಕೂರಿಸಿ ಅವಳಿಗೆ ನಾನು ಏನು ಓದಿಸಲಿ?

ಮಾರ್ಚ್ 6, ಗುರುವಾರ

ಬೆಳಗ್ಗೆ ಬಾಗಿಲು ತೆಗೆದರೆ ತಳ್ಳುಗಾಡಿಯ ಮೇಲೆ ಗಾಜಿನ ಕಪಾಟು! ನಮ್ಮವರು ನನ್ನ ಮುಖ ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಿದ್ದರು. ನಾನು ಕೂಗಾಡುವಷ್ಟೂ ಹೊತ್ತಿರಲಿಲ್ಲ, ರಸ್ತೆಯ ತಿರುವಿನಲ್ಲಿ ಟೀಚರು ಕಾಣಿಸಿಕೊಂಡಿದ್ದರು. ಕಪಾಟು ಬಂದು ಇಸ್ತ್ರಿ ಮೇಜಿನ ಪಕ್ಕ ನಿಂತಿತು.

"ಅರೆ, ಇಷ್ಟೊಂದು ಪುಸ್ತಕ! ಸೊನ್ನೆ ಅಂತ ಬರೆದಿದ್ರಿ?" ಅಂದರು ಟೀಚರು. ನಮ್ಮವರ ಮುಖ ಅರಳಿತು.

ನಾನು ಬಾಯಿ ತೆರೆಯುವಷ್ಟರಲ್ಲಿ ಗುಂಡಿ ಕಪಾಟಿನ ಹಿಂದೆ ಮುಂದೆ ಬಗ್ಗಿ ನೋಡಿ ಬಂದಳು. "ಇದು ನಮ್ದಲ್ಲ ಟೀಚರ್. ನಮ್ಮ ಗುರುತಿಲ್ಲ. ದೊಡ್ಡತ್ತೆದು. ನಾಳೆ ವಾಪಸ್ ಕೊಡ್ಬೇಕು."

ನಮ್ಮವರು ಬಟ್ಟೆ ರಾಶಿಯ ಹಿಂದೆ ಮಾಯವಾದರು.

ಟೀಚರು ಸ್ಟೂಲಿನ ಮೇಲೆ ಕೂತರು. "ಸರಿ, ಅದು ಬೇಡ. ನಿನಗೆ ಇಷ್ಟವಾದ ಪುಸ್ತಕ ಯಾವುದಾದ್ರೂ ಇದ್ರೆ ತಗೊಂಡ್ಬಾ, ನೋಡೋಣ."

ಗುಂಡಿ ಕೌಂಟರಿನ ಕಡೆ ಓಡಿದಳು. "ಏ, ಅದಲ್ಲ ಕಣೇ, ಇಡು ಅಲ್ಲಿ!" ಅಂದೆ. ಕೇಳಬೇಕಲ್ಲ. ಈ ಡೈರಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಬಂದು ಟೀಚರ ತೊಡೆಯ ಮೇಲಿಟ್ಟಳು. ನೆಟ್ಟಗೆ, ತಲೆಕೆಳಗಲ್ಲ. ಪುಟ ತಿರುವಿದಳು. "ಇದು ಖಾಲಿ, ಇದು ಖಾಲಿ. ಇಲ್ಲಿಂದ ಮಾತು ಶುರು. ಕೇಳಿ ಟೀಚರ್."

ಸಾಲಿನಡಿ ಬೆರಳು ಓಡಿಸುತ್ತ, ಸಾಲು ಮುಗಿದಲ್ಲಿ ಮತ್ತೆ ಈ ಕಡೆಗೆ ಬರುತ್ತ, ನನ್ನದೇ ಧಾಟಿಯಲ್ಲಿ ಓದಿದಳು. "ಸೋಪಿನ ಪುಡಿಯ ಏಜೆಂಟು ಕೊಟ್ಟುಹೋದ ಡೈರಿ ಇದು..." ಅಕ್ಷರ ಬರುವುದಿಲ್ಲ, ಎಲ್ಲ ಬಾಯಿಪಾಠ. ಆದರೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಸಿಟ್ಟಾಗಬೇಕೋ ಅಲ್ಲಿ ಸಿಟ್ಟಾಗಿ. ಮುಂದೆ ಯಾವ ಸಾಲು ಬರುತ್ತದೆಂದು ನನಗೆ ಗೊತ್ತಿತ್ತು. ಕಸಿದುಕೊಳ್ಳಬಹುದಿತ್ತು. ಕೈಯನ್ನೂ ಚಾಚಿದೆ. ಆಗ ಅವಳ ಮುಖ ನೋಡಿದೆ. ಯಾರಿಗೂ ಹೆದರದೆ ಓದುತ್ತಿದ್ದಳು. ಕೈ ಹಿಂದಕ್ಕೆ ತೆಗೆದುಕೊಂಡೆ. ಓದಲಿ, ಏನು ಬೇಕಾದರೂ ಆಗಲಿ.

"ಆ ಟೀಚರ ಹಣೆಯ ಮೇಲೆ ಮೂರು ಸುಕ್ಕು. ನಮ್ಮ ಹಬೆ ಇಸ್ತ್ರಿ ಇಟ್ಟು ಒತ್ತಿದರೂ ಹೋಗುವಂಥವಲ್ಲ."

ಓದಿ, ತಲೆಯೆತ್ತಿ, ಟೀಚರ ಹಣೆಯ ಮೇಲೆ ಬೆರಳಿಟ್ಟು ಎಣಿಸಿದಳು. "ಒಂದು, ಎರಡು, ಮೂರು. ಸರಿಯಾಗಿದೆ."

ಅತ್ತೆಯ ಸೂಜಿ ನಿಂತಿತು. ರಾಶಿಯ ಹಿಂದಿನಿಂದ ನಮ್ಮವರು ಇಣುಕಿದರು. ಟೀಚರು ಡೈರಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮೂರನೇ ತಾರೀಕಿನ ಪುಟವನ್ನು ಮೇಲಿಂದ ಕೆಳಗೆ ಓದಿದರು.

"ಒಂದು ಪದಾನೂ ಬಿಟ್ಟಿಲ್ಲ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಇದನ್ನ ನೀವು ಓದಿ ಹೇಳಿದ್ರಾ?"

"ಹೌದು."

"ಅವಳ ಎದುರಿಗೇ ಬರೀತೀರಾ?"

"ದಿನಾ. ಅವಳೂ ಬರೀತಾಳೆ."

"ಮತ್ತೆ ಫಾರಂನಲ್ಲಿ ಯಾರೂ ಇಲ್ಲ, ಇಲ್ಲ ಅಂತಿದೆ?"

"ಅದೇನು ಓದಿ ಹೇಳೋದಾ ಟೀಚರ್? ಅದು ನನ್ನ ಸಿಟ್ಟು," ಅಂದೆ. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. "ಬರೆದಿದ್ದು ನಾನೇ, ಅದ್ರಲ್ಲಿ ಒಂದು ಮಾತೂ ವಾಪಸ್ ತಗೊಳ್ಳಲ್ಲ. ಅವಳ ಮೇಲೆ ಮಾತ್ರ ತೀರಿಸ್ಕೋಬೇಡಿ."

ಟೀಚರು ಚೀಲದಿಂದ ಫಾರಂ ತೆಗೆದರು. ನನ್ನ ಗೂಟದಂಥ ಸೊನ್ನೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದರು: ಒಂದು.

"ಅಕ್ಷರ ನಾನು ಕಲಿಸ್ತೀನಿ, ಅದು ನನ್ನ ಕೆಲಸ. ದೊಡ್ಡ ಕ್ಲಾಸಿಗೆ ಕಳಿಸಿ," ಅಂದು ಎದ್ದರು. ಬಾಗಿಲಲ್ಲಿ ನಿಂತು, ಇನ್ನೇನೋ ನೆನಪಾದವರ ಹಾಗೆ, "ಏಪ್ರನ್ನು ಈಗ ಅದಲು ಬದಲಾಗ್ತಿಲ್ಲ," ಅಂದರು.

ಅವರು ಹೋದ ಮೇಲೆ ಕಣ್ಣಲ್ಲಿ ನೀರು ಬಂತು. ಹಬೆಯಿಂದಲ್ಲ.

ಮಾರ್ಚ್ 12, ಬುಧವಾರ

ಕಪಾಟು ವಾಪಸು ಹೋಯಿತು. ಬೀಗದ ಕೈ ತಿರುಗಲೇ ಇಲ್ಲವಂತೆ, ಅದು ಬೇರೆ ಬೀಗದ್ದು.

ಟೀಚರು ಒಂದು ಕೋಟು ತಂದಿದ್ದರು, ಮೊದಲ ಸಲ. "ನನಗೂ ಒಂದು ಗುರುತು ಹಾಕಿ," ಅಂದರು. ಅತ್ತೆ ಸೂಜಿಗೆ ದಾರ ಪೋಣಿಸಿಕೊಂಡು ಗುಂಡಿಯ ಮುಖ ನೋಡಿದರು. ಗುಂಡಿ ಮೂಗು ಸೊಟ್ಟ ಮಾಡಿ ಯೋಚಿಸಿ, ಚೀಟಿಯ ಮೇಲೆ ಒಂದರ ಕೆಳಗೊಂದು ಮೂರು ಗೆರೆ ಎಳೆದು ಕೊಟ್ಟಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಟೀಚರು ಚೀಟಿಯನ್ನು ಬೆಳಕಿಗೆ ಹಿಡಿದರು.

"ಇದನ್ನ ನಾನೂ ಓದಬಲ್ಲೆ," ಅಂದರು.

ಅವರು ಏನು ಬೇಕಾದರೂ ತಿದ್ದಿಕೊಳ್ಳಲಿ, ನಾನು ಮಾತ್ರ ಒಂದಿಂಚೂ ಬದಲಾಗಿಲ್ಲ. ಇದು ಲಾಂಡ್ರಿ. ಇಲ್ಲಿ ಓದುವ ವಾತಾವರಣವೂ ಇಲ್ಲ, ಮಣ್ಣೂ ಇಲ್ಲ. ಇನ್ನೂ ಬರೆಯುವುದಿತ್ತು, ಆದರೆ ಇಲ್ಲಿಗೆ ನಿಲ್ಲಿಸುತ್ತೇನೆ. ಇವತ್ತಿನದನ್ನು ಓದು ಅಂತ ಗುಂಡಿ ಆಗಲೇ ಪಕ್ಕಕ್ಕೆ ಬಂದು ಕೂತಿದ್ದಾಳೆ. ಅತ್ತೆಯೂ ಸೂಜಿ ಕೆಳಗಿಟ್ಟು ಕಾಯುತ್ತಿದ್ದಾರೆ.